ಕೌಂಟಿ ಕಚೇರಿ, ಕರಿಬೇವಿನ ಕುಂಡ, ಬಾಗಿಲ ಮುಂದಿನ ಹಿಮ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಮೆರಿಕದ ಬೇರೆ ಬೇರೆ ರಾಜ್ಯಗಳಲ್ಲಿ ನೆಲೆಸಿರುವ ಓದುಗರಿಂದ ಈಚೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕಚೇರಿಯ ಸುತ್ತ ತಿರುಗುತ್ತವೆ, ಅದು ರಾಜ್ಯದೊಳಗಿನ ಸ್ಥಳೀಯ ಆಡಳಿತ ಘಟಕವಾದ ಕೌಂಟಿ. ಎಲೆ ಉದುರುವ ಕಾಲ ಆರಂಭವಾಗಿರುವುದರಿಂದ ಈ ಮೂರು ನಾಲ್ಕು ತಿಂಗಳಲ್ಲಿ ಬಳಕೆಗೆ ಬರುವ ಪ್ರಶ್ನೆಗಳನ್ನು ಮೊದಲು ಆರಿಸಿಕೊಂಡಿದ್ದೇವೆ.

ಪ್ರಶ್ನೆ: ನಮ್ಮ ಮನೆಯ ಮುಂದಿನ ರಸ್ತೆಯಲ್ಲಿ ದೊಡ್ಡ ಗುಂಡಿ ಬಿದ್ದಿದೆ. ನಗರಾಡಳಿತದ ಕಚೇರಿಗೆ ಫೋನ್ ಮಾಡಿದರೆ, ‘ನೀವು ನಮ್ಮ ಊರಿನವರೇ ಅಲ್ಲ’ ಎಂದರು. ಎಂಟು ವರ್ಷಗಳಿಂದ ಅದೇ ಊರಿನ ಹೆಸರಿಗೆ ನಮಗೆ ಅಂಚೆ ಬರುತ್ತಿದೆ. ಹಾಗಾದರೆ ನಾವು ಯಾವ ಊರಿನವರು?
— ಜಾರ್ಜಿಯಾದ ಓದುಗರು

ಉತ್ತರ: ಅವರು ಹೇಳಿದ್ದು ಒರಟಾಗಿ ಕೇಳಿಸಿದರೂ ಸುಳ್ಳಾಗಿರಲಾರದು. ವಿಳಾಸದಲ್ಲಿರುವ ಊರಿನ ಹೆಸರು ಅಂಚೆ ಇಲಾಖೆ ತನ್ನ ವಿತರಣೆಯ ಅನುಕೂಲಕ್ಕೆ ಇಟ್ಟುಕೊಂಡದ್ದೇ ಹೊರತು ನಗರಾಡಳಿತದ ಎಲ್ಲೆಯಲ್ಲ. ನಗರದ ಎಲ್ಲೆಯಿಂದ ಹೊರಗಿರುವ ಪ್ರದೇಶವನ್ನು ಇಲ್ಲಿ ‘ಅನ್‌ಇನ್‌ಕಾರ್ಪೊರೇಟೆಡ್’ ಎನ್ನುತ್ತಾರೆ. ಅಲ್ಲಿನ ನಿವಾಸಿಗಳಿಗೆ ಮೇಯರ್ ಇಲ್ಲ, ನಗರಸಭೆ ಇಲ್ಲ. ರಸ್ತೆ, ಪೊಲೀಸ್ ಕಾವಲು, ಕಟ್ಟಡ ಪರವಾನಗಿ ಮೊದಲಾದವುಗಳಿಗೆ ಸಾಮಾನ್ಯವಾಗಿ ಕೌಂಟಿಯೇ ಹೊಣೆ. ಅನುಮಾನವಿದ್ದರೆ ನಿಮ್ಮ ಆಸ್ತಿ ತೆರಿಗೆಯ ಬಿಲ್ಲನ್ನು ಮೇಜಿನ ಮೇಲೆ ಹರಡಿಕೊಂಡು ಸಾಲು ಸಾಲಾಗಿ ನೋಡಿ. ಕೌಂಟಿಗೆ ಇಷ್ಟು, ಶಾಲಾ ಜಿಲ್ಲೆಗೆ ಇಷ್ಟು ಎಂದು ತೆರಿಗೆಯನ್ನು ಬಿಡಿಸಿ ಬರೆದಿರುವ ಆ ಪಟ್ಟಿಯಲ್ಲಿ ನಗರದ ಹೆಸರಿನ ಸಾಲೇ ಇಲ್ಲದಿದ್ದರೆ ನೀವು ನಗರದ ಹೊರಗಿರುವ ಸಾಧ್ಯತೆಯೇ ಹೆಚ್ಚು. ಕೌಂಟಿಯ ಆಸ್ತಿ ನಕ್ಷೆಯಲ್ಲಿ ವಿಳಾಸ ಹಾಕಿ ನೋಡಿದರೆ ಅದು ಖಚಿತವಾಗುತ್ತದೆ.

ಕೌಂಟಿ ಎಂದರೆ ನಮ್ಮ ಜಿಲ್ಲೆ ಎಂದು ಅನುವಾದಿಸಿಕೊಂಡು ಸುಮ್ಮನಾಗುವವರು ಬಹಳ ಮಂದಿ. ನಕ್ಷೆಯ ಮಟ್ಟಿಗೆ ಅದು ಸರಿ, ಆಡಳಿತದ ಮಟ್ಟಿಗೆ ಸರಿಯಲ್ಲ. ನಮ್ಮ ಜಿಲ್ಲೆಗೆ ಸರ್ಕಾರ ನೇಮಿಸಿದ ಜಿಲ್ಲಾಧಿಕಾರಿ ಇರುತ್ತಾರೆ. ಇಲ್ಲಿ ಕೌಂಟಿಯ ಆಡಳಿತ ಮಂಡಳಿಯ ಜೊತೆಗೆ ಪೊಲೀಸ್ ಕಾವಲಿನ ಮುಖ್ಯಸ್ಥ ಶೆರಿಫ್, ದಾಖಲೆಗಳನ್ನು ನೋಡಿಕೊಳ್ಳುವ ಕ್ಲರ್ಕ್, ತೆರಿಗೆಗಾಗಿ ಮನೆಗೆ ಬೆಲೆ ಕಟ್ಟುವ ಅಸೆಸರ್, ಖಜಾಂಚಿ ಮುಂತಾದವರನ್ನೂ ಅನೇಕ ರಾಜ್ಯಗಳಲ್ಲಿ ಜನರೇ ಚುನಾಯಿಸುತ್ತಾರೆ. ಆದ್ದರಿಂದ ಒಬ್ಬರ ಕಚೇರಿಯಲ್ಲಿ ಕೊಟ್ಟ ಅರ್ಜಿ ಪಕ್ಕದ ಬಾಗಿಲಿಗೆ ತಾನಾಗಿ ಹೋಗುವುದಿಲ್ಲ. ಉಪನೋಂದಣಿ ಕಚೇರಿ, ತಹಶೀಲ್ದಾರರ ಕಚೇರಿ, ಜಿಲ್ಲಾ ಪಂಚಾಯಿತಿ, ಚುನಾವಣಾ ಶಾಖೆ ಇವೆಲ್ಲ ಒಂದೇ ಸೂರಿನಡಿ ಸೇರಿಕೊಂಡೂ ಒಂದರ ಮಾತನ್ನು ಮತ್ತೊಂದು ಕೇಳಬೇಕಾಗಿಲ್ಲದ ಸ್ಥಿತಿಯನ್ನು ಊಹಿಸಿಕೊಂಡರೆ ಕೌಂಟಿಯ ಚಿತ್ರ ಹತ್ತಿರ ಹತ್ತಿರ ಸಿಕ್ಕಂತೆ.

ದೇಶದಲ್ಲಿ ಇಂಥ ಘಟಕಗಳು 3,100ಕ್ಕೂ ಹೆಚ್ಚಿವೆ. 2020ರ ಜನಗಣತಿಯಲ್ಲಿ ಲಾಸ್ ಏಂಜಲಿಸ್ ಕೌಂಟಿಯ ಜನಸಂಖ್ಯೆ ಒಂದು ಕೋಟಿ ದಾಟಿತ್ತು. ಟೆಕ್ಸಾಸ್‌ನ ಲವಿಂಗ್ ಕೌಂಟಿಯಲ್ಲಿದ್ದವರು 64 ಮಂದಿ. ಲೂಯಿಸಿಯಾನದಲ್ಲಿ ಇವಕ್ಕೆ ಪ್ಯಾರಿಷ್ ಎಂದು ಹೆಸರು. ಕನೆಕ್ಟಿಕಟ್ ರಾಜ್ಯ ಕೌಂಟಿ ಸರ್ಕಾರಗಳನ್ನು 1960ರಲ್ಲಿಯೇ ರದ್ದುಮಾಡಿತು, ಹೀಗಾಗಿ ಅಲ್ಲಿ ಕೌಂಟಿಯ ಹೆಸರು ಉಳಿದಿದೆ, ಕಚೇರಿ ಉಳಿದಿಲ್ಲ. ಪಕ್ಕದ ಕೌಂಟಿಯ ಗೆಳೆಯರು ಹೇಳಿದ ನಿಯಮ ನಿಮ್ಮ ಮನೆಗೆ ಅನ್ವಯಿಸದೆ ಹೋಗಲು ಕೌಂಟಿಯಿಂದ ಕೌಂಟಿಗೆ ಇರುವ ಈ ವ್ಯತ್ಯಾಸವೇ ಕಾರಣ, ಈ ಅಂಕಣದ ಮುಂದಿನ ಉತ್ತರಗಳನ್ನೂ ಅದೇ ಎಚ್ಚರದಿಂದ ಓದಿಕೊಳ್ಳಬೇಕು.

ನಿಮ್ಮ ಗುಂಡಿಯ ವಿಚಾರ: ಕೌಂಟಿಯ ರಸ್ತೆ ವಿಭಾಗಕ್ಕೆ ದೂರು ಕೊಡಿ. ತುರ್ತಲ್ಲದ ದೂರುಗಳಿಗಾಗಿ ಇರುವ 311 ಸಂಖ್ಯೆ ನಿಮ್ಮಲ್ಲಿ ಇದ್ದರೆ ಅದಕ್ಕೇ ಕರೆ ಮಾಡಬಹುದು. ಹತ್ತಿರದ ಮನೆಯ ಸಂಖ್ಯೆ ಹೇಳಿ, ದೂರಿನ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಬಡಾವಣೆಯ ಒಳರಸ್ತೆ ಮನೆಮಾಲೀಕರ ಸಂಘದ ಸ್ವಂತದ್ದಾಗಿದ್ದರೆ ಮಾತ್ರ ಕೌಂಟಿಯೂ ‘ಅದು ನಮ್ಮ ಹೊಣೆಯಲ್ಲ’ ಎನ್ನುತ್ತದೆ.

ಪ್ರಶ್ನೆ: ಮನೆ ಕೊಂಡ ಎರಡನೆಯ ತಿಂಗಳಿಗೆ, ಸರ್ಕಾರಿ ಮುದ್ರೆಯಂತೆ ಕಾಣುವ ಚಿಹ್ನೆಯಿದ್ದ ಪತ್ರವೊಂದು ಬಂದಿತು. ಕ್ರಯಪತ್ರದ ಪ್ರತಿಗೆ ನೂರು ಡಾಲರಿಗೂ ಹೆಚ್ಚು ಕಳುಹಿಸಬೇಕಂತೆ, ಅದಕ್ಕೊಂದು ಕೊನೆಯ ದಿನಾಂಕವೂ ಇದೆ. ಕಟ್ಟಬೇಕೆ?
— ಟೆಕ್ಸಾಸ್‌ನ ಓದುಗರು

ಉತ್ತರ: ಕಟ್ಟಬೇಡಿ. ಮನೆಯ ನೋಂದಣಿ ಸಾರ್ವಜನಿಕ ದಾಖಲೆಯಾದ್ದರಿಂದ ಹೊಸ ಮಾಲೀಕರ ಹೆಸರು, ವಿಳಾಸ ಯಾರಿಗಾದರೂ ಸಿಗುತ್ತದೆ. ಅದನ್ನು ನೋಡಿ ಖಾಸಗಿಯವರು ಕಳುಹಿಸುವ ಪತ್ರವಿದು. ಅಂಚಿನಲ್ಲಿ ಸಣ್ಣ ಅಕ್ಷರಗಳಲ್ಲಿ ‘ಇದು ಸರ್ಕಾರಿ ಸಂಸ್ಥೆಯಲ್ಲ’ ಎಂಬ ಸಾಲು ಇದೆಯೇ ಎಂದು ಕನ್ನಡಕ ಹಾಕಿಕೊಂಡು ಹುಡುಕಿ. ಕ್ರಯಪತ್ರದ ಪ್ರತಿ ಬೇಕೆಂದರೆ ಕೌಂಟಿ ಕ್ಲರ್ಕ್ ಕಚೇರಿಯಲ್ಲಿ ಕೆಲವೇ ಡಾಲರುಗಳಿಗೆ ಸಿಗುತ್ತದೆ. ನಿಮ್ಮ ಹೆಸರಿನಲ್ಲಿ ಯಾವುದಾದರೂ ದಾಖಲೆ ನೋಂದಣಿಯಾದರೆ ಇಮೇಲ್ ಮೂಲಕ ತಿಳಿಸುವ ಉಚಿತ ಸೇವೆಯೂ ಅನೇಕ ಕೌಂಟಿಗಳಲ್ಲಿದೆ. ವಂಚನೆಯ ಭಯವಿದ್ದರೆ ಅದಕ್ಕೆ ಹೆಸರು ಕೊಡಿ.

ಈ ಗಡಿಬಿಡಿಯಲ್ಲಿ ಹೊಸ ಮಾಲೀಕರು ನಿಜವಾಗಿ ಮಾಡಬೇಕಾದದ್ದನ್ನು ಮರೆಯುವುದುಂಟು. ತಾವೇ ವಾಸವಾಗಿರುವ ಮನೆಗೆ ತೆರಿಗೆಯಲ್ಲಿ ಸಿಗುವ ‘ಹೋಮ್‌ಸ್ಟೆಡ್’ ವಿನಾಯಿತಿಗೆ ಅರ್ಜಿ ಹಾಕಬೇಕು, ಅದಕ್ಕೆ ಶುಲ್ಕವಿಲ್ಲ. ಟೆಕ್ಸಾಸ್‌ನಲ್ಲಿ ಅರ್ಜಿ ಕೊಡಬೇಕಾದದ್ದು ಕೌಂಟಿ ಕಚೇರಿಗಲ್ಲ, ಆ ಕೌಂಟಿಯ ಅಪ್ರೈಸಲ್ ಡಿಸ್ಟ್ರಿಕ್ಟ್ ಎಂಬ ಪ್ರತ್ಯೇಕ ಸಂಸ್ಥೆಗೆ. ಗಡುವು ಏಪ್ರಿಲ್ 30. ಚಾಲನಾ ಪರವಾನಗಿಯಲ್ಲಿ ಹಳೆಯ ಬಾಡಿಗೆ ಮನೆಯ ವಿಳಾಸವೇ ಉಳಿದಿದ್ದರೆ ಅರ್ಜಿ ತಡೆಯಾಗುತ್ತದೆ, ಮೊದಲು ಅದನ್ನು ಬದಲಿಸಿಕೊಳ್ಳಿ. ಫ್ಲಾರಿಡಾದ ಓದುಗರಿಗೆ ಗಡುವು ಮಾರ್ಚ್ 1. ಕ್ಯಾಲಿಫೋರ್ನಿಯಾದಲ್ಲಿ ಈ ವಿನಾಯಿತಿ ಮನೆಯ ತೆರಿಗೆ ಮೌಲ್ಯದಲ್ಲಿ ಕೇವಲ 7,000 ಡಾಲರು, ಎಂದರೆ ವರ್ಷಕ್ಕೆ ಸುಮಾರು 70 ಡಾಲರಿನ ಉಳಿತಾಯ. ಅಲ್ಲಿನವರು ಅದಕ್ಕಿಂತ ಹೆಚ್ಚಾಗಿ ನೆನಪಿಡಬೇಕಾದದ್ದು ತೆರಿಗೆಯ ಮೊದಲ ಕಂತು ಡಿಸೆಂಬರ್ 10 ದಾಟಿದರೆ ದಂಡ ಬೀಳುತ್ತದೆ ಎಂಬುದನ್ನು.

ಪ್ರಶ್ನೆ: ನಮ್ಮ ಕನ್ನಡ ಕೂಟದವರು ಈ ಬಾರಿ ರಾಜ್ಯೋತ್ಸವವನ್ನು ಕೌಂಟಿ ಉದ್ಯಾನದ ಮಂಟಪದಲ್ಲಿ, ಊರವರನ್ನೆಲ್ಲ ಕರೆದು ಆಚರಿಸಬೇಕೆಂದಿದ್ದೇವೆ. ಹತ್ತು ಮನೆಗಳವರು ಒಂದೊಂದು ಅಡುಗೆ ಮಾಡಿ ತರುವುದೆಂದು ನಿಶ್ಚಯವಾಗಿದೆ. ಏನೇನು ಅನುಮತಿ ಬೇಕು?
— ಉತ್ತರ ಕೆರೊಲೈನಾದ ಓದುಗರು

ಉತ್ತರ: ಮಂಟಪದ ಮಾತು ಸುಲಭ, ಅಡುಗೆಯ ಮಾತು ಕಷ್ಟ. ಮಂಟಪವನ್ನು ಉದ್ಯಾನ ವಿಭಾಗದಲ್ಲಿ ಕಾಯ್ದಿರಿಸಬೇಕು. ಕೌಂಟಿಯ ನಿವಾಸಿಗಳಿಗೆ ಬಾಡಿಗೆ ಕಡಿಮೆ ಇರುವುದು ಸಾಮಾನ್ಯವಾದ್ದರಿಂದ ಅಲ್ಲಿಯೇ ವಾಸವಿರುವ ಸದಸ್ಯರೊಬ್ಬರ ಹೆಸರಿನಲ್ಲಿ ಅರ್ಜಿ ಹಾಕಿ. ಧ್ವನಿವರ್ಧಕಕ್ಕೆ, ದೊಡ್ಡ ಶಾಮಿಯಾನಕ್ಕೆ, ದೀಪ ಹಚ್ಚುವುದಕ್ಕೆ ಬೇರೆ ಬೇರೆ ಒಪ್ಪಿಗೆ ಬೇಕಾಗಬಹುದು. ಸಾರ್ವಜನಿಕ ಕಾರ್ಯಕ್ರಮವೆಂದರೆ ವಿಮೆಯ ಪತ್ರವನ್ನೂ ಕೇಳುತ್ತಾರೆ. ಚಳಿಯ ಪ್ರದೇಶಗಳ ಉದ್ಯಾನಗಳಲ್ಲಿ ಅಕ್ಟೋಬರ್ ಕೊನೆಗೆ ನಲ್ಲಿ ನೀರನ್ನು ನಿಲ್ಲಿಸಿ, ಶೌಚಾಲಯಗಳಿಗೆ ಬೀಗ ಹಾಕುವ ರೂಢಿ ಇದೆ, ಕಾಯ್ದಿರಿಸುವ ಮುನ್ನ ಇದನ್ನು ಕೇಳದಿದ್ದರೆ ಅಂದಿನ ದಿನ ಫಜೀತಿ ತಪ್ಪಿದ್ದಲ್ಲ.

ಅಡುಗೆಗೆ ಬರೋಣ. ಕೂಟದ ಸದಸ್ಯರಷ್ಟೇ ಸೇರಿ ಊಟ ಮಾಡುವುದಾದರೆ ಸಾಮಾನ್ಯವಾಗಿ ಯಾರೂ ಅಡ್ಡಿಪಡಿಸುವುದಿಲ್ಲ. ಆದರೆ ನೀವು ‘ಊರವರನ್ನೆಲ್ಲ ಕರೆದು’ ಎಂದು ಬರೆದಿದ್ದೀರಿ. ಆ ಒಂದು ಮಾತಿನಿಂದ ವಿಷಯ ಕೌಂಟಿಯ ಆರೋಗ್ಯ ವಿಭಾಗದ ವ್ಯಾಪ್ತಿಗೆ ಬರುತ್ತದೆ. ಸಾರ್ವಜನಿಕರಿಗೆ ಬಡಿಸುವ ಆಹಾರ ಮನೆಯ ಅಡುಗೆಮನೆಯಿಂದ ಬರುವುದನ್ನು ಬಹುತೇಕ ಕಡೆ ಒಪ್ಪುವುದಿಲ್ಲ. ಪರವಾನಗಿಯಿರುವ ಅಡುಗೆಮನೆಯಲ್ಲಿ ತಯಾರಿಸಬೇಕು ಅಥವಾ ಹೋಟೆಲಿನವರಿಗೆ ವಹಿಸಬೇಕು. ತಾತ್ಕಾಲಿಕ ಆಹಾರ ಪರವಾನಗಿಯನ್ನು ಎರಡು ಮೂರು ವಾರ ಮೊದಲೇ ಕೇಳುವುದು ಕ್ಷೇಮ. ಹತ್ತು ಮನೆಗಳ ಒಪ್ಪಂದವನ್ನು ಕೈಬಿಡಿ ಎನ್ನಲು ನಮಗೂ ಬೇಸರವೇ, ಏಕೆಂದರೆ ಕೂಟದ ಊಟದ ರುಚಿ ಇರುವುದೇ ಅಲ್ಲಿ.

ತಪಾಸಣೆಗೆ ಬಂದವರು ಮೊದಲು ಕೈಯಲ್ಲಿ ಹಿಡಿಯುವುದು ಸೂಜಿಯಂಥ ಮೊನೆಯ ಉಷ್ಣಮಾಪಕವನ್ನು. ಅಮೆರಿಕದ ಮಾದರಿ ಆಹಾರ ಸಂಹಿತೆಯ ಪ್ರಕಾರ ಬಿಸಿ ಪದಾರ್ಥ 135 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಇಳಿಯಬಾರದು, ತಣ್ಣನೆಯದು 41 ಡಿಗ್ರಿಗಿಂತ ಮೇಲೆ ಏರಬಾರದು. ಬಿಸಿಬೇಳೆಬಾತಿನ ಪಾತ್ರೆಯ ಅಂಚು ಕುದಿಯುತ್ತಿದ್ದರೂ ನಡುಭಾಗ ತಣ್ಣಗಾಗಿರಬಹುದು, ಅಳೆಯುವುದು ನಡುಭಾಗವನ್ನೇ. ಬಡಿಸುವ ಪಾತ್ರೆಯ ಕೆಳಗೆ ಇಡುವ ಸಣ್ಣ ಜ್ವಾಲೆ ಬಿಸಿಯನ್ನು ಕಾಯ್ದುಕೊಳ್ಳುತ್ತದೆಯೇ ಹೊರತು ಆರಿದ್ದನ್ನು ಕಾಯಿಸಲಾರದು. ಆರಿದ್ದನ್ನು ಒಲೆಯ ಮೇಲೆ 165 ಡಿಗ್ರಿಯವರೆಗೆ ಕಾಯಿಸಿಯೇ ತರಬೇಕು. ಮೊಸರನ್ನದ ಪಾತ್ರೆಯನ್ನು ಮಂಜುಗಡ್ಡೆಯ ತಟ್ಟೆಯಲ್ಲಿ ಕೂರಿಸಬೇಕು. ಬೆಂದ ಅನ್ನದಲ್ಲಿಯೂ ಬದುಕಿ ಉಳಿಯುವ, ಉಗುರುಬೆಚ್ಚಗೆ ಬಿಟ್ಟಾಗ ಬೆಳೆಯುವ ಸೂಕ್ಷ್ಮಾಣುಗಳಿರುವುದರಿಂದ ಅನ್ನದ ಬಗೆಗಳ ಮೇಲೆ ಅವರ ಕಣ್ಣು ಹೆಚ್ಚು. ಹೋಳಿಗೆಯನ್ನು ಬರಿಗೈಯಲ್ಲಿ ಎತ್ತಿ ಕೊಡುವಂತಿಲ್ಲ. ಇಕ್ಕಳ ಅಥವಾ ಕೈಗವಸು ಬೇಕು. ಕೈ ತೊಳೆಯಲು ನಲ್ಲಿಯಿರುವ ನೀರಿನ ಡಬ್ಬಿ, ಸಾಬೂನು, ಕಾಗದದ ಟವೆಲು, ಕೊಳೆ ನೀರಿಗೊಂದು ಬಕೆಟ್ಟು ಇಟ್ಟಿರಬೇಕು.

ಕೊನೆಗೊಂದು ಮಾತು. 2026ರಲ್ಲಿ ನವೆಂಬರ್ 1 ಭಾನುವಾರವೇ ಬರುತ್ತದೆ, ಅದೇ ದಿನ ಬೆಳಗಿನ ಜಾವ 2 ಗಂಟೆಗೆ ಗಡಿಯಾರಗಳು ಒಂದು ಗಂಟೆ ಹಿಂದಕ್ಕೆ ಸರಿಯುತ್ತವೆ. ಹಿಂದಿನ ದಿನಕ್ಕಿಂತ ಒಂದು ಗಂಟೆ ಮೊದಲೇ ಕತ್ತಲಾಗುವುದರಿಂದ, ಧ್ವಜಾರೋಹಣ ಎಷ್ಟು ಹೊತ್ತಿಗಾದರೂ ಇರಲಿ, ಮಕ್ಕಳ ನಾಟಕವನ್ನು ಸಂಜೆಗೆ ತಳ್ಳಬೇಡಿ.

ಪ್ರಶ್ನೆ: ಫ್ಲಾರಿಡಾದಲ್ಲಿರುವ ನನ್ನ ಅಕ್ಕನ ಮನೆಯ ಹಿತ್ತಿಲಲ್ಲಿ ಕರಿಬೇವಿನ ಗಿಡ ಸೊಂಪಾಗಿ ಬೆಳೆದಿದೆ. ಈ ರಜೆಯಲ್ಲಿ ಹೋದಾಗ ಒಂದು ಸಸಿಯನ್ನು ಕಾರಿನಲ್ಲಿ ಇಟ್ಟುಕೊಂಡು ಬರಬಹುದೇ? ಚಳಿಗಾಲದಲ್ಲಿ ಅದನ್ನು ಕಾಪಾಡುವ ಬಗೆ ಹೇಗೆ?
— ವರ್ಜೀನಿಯಾದ ಓದುಗರು

ಉತ್ತರ: ತರಬೇಡಿ, ಸಸಿಯನ್ನೂ ಬೇಡ, ಚೀಲದಲ್ಲಿ ಸೊಪ್ಪನ್ನೂ ಬೇಡ. ಕರಿಬೇವು ನಿಂಬೆ, ಕಿತ್ತಳೆಗಳ ಕುಟುಂಬಕ್ಕೆ ಸೇರಿದ ಗಿಡ. ಸಿಟ್ರಸ್ ಸಿಲಿಡ್ ಎಂಬ ಎಳ್ಳಿನ ಗಾತ್ರದ ಕೀಟಕ್ಕೆ ಕರಿಬೇವಿನ ಎಳೆಚಿಗುರು ಬಹಳ ಪ್ರಿಯ. ಕಿತ್ತಳೆ ಮರಗಳನ್ನು ಕೊಲ್ಲುವ, ಮದ್ದಿಲ್ಲದ ‘ಗ್ರೀನಿಂಗ್’ ರೋಗವನ್ನು ಮರದಿಂದ ಮರಕ್ಕೆ ಹೊತ್ತು ತಿರುಗುವುದು ಇದೇ ಕೀಟ. ಫ್ಲಾರಿಡಾದಲ್ಲಿ ಕೀಟ 1998ರಲ್ಲಿಯೂ ರೋಗ 2005ರಲ್ಲಿಯೂ ಕಾಣಿಸಿಕೊಂಡಿತು. ಅಲ್ಲಿನ ಕಿತ್ತಳೆ ಬೆಳೆ ಅಂದಿನಿಂದ ಕುಸಿಯುತ್ತಲೇ ಬಂದಿದೆ. ಹೀಗಾಗಿ ಕೀಟವಿರುವ ರಾಜ್ಯಗಳಿಂದ ಕರಿಬೇವನ್ನು ಹೊರಗೆ ಸಾಗಿಸಲು ಕೇಂದ್ರ ಕೃಷಿ ಇಲಾಖೆಯ ನಿರ್ಬಂಧವಿದೆ. ಊರಿನಿಂದ ಬರುವ ಅಮ್ಮಂದಿರ ಪೆಟ್ಟಿಗೆಯಿಂದ ಕರಿಬೇವಿನ ಪೊಟ್ಟಣವನ್ನು ವಿಮಾನ ನಿಲ್ದಾಣದಲ್ಲಿ ತೆಗೆದಿಡುವುದೂ ಇದೇ ಭಯದಿಂದ. ನಿಮ್ಮ ರಾಜ್ಯಕ್ಕೆ ಗಿಡ ಕಳುಹಿಸಲು ಪ್ರಮಾಣಪತ್ರ ಪಡೆದಿರುವ ಸಸ್ಯಕ್ಷೇತ್ರದಿಂದ ಕೊಳ್ಳುವುದೊಂದೇ ನೇರ ದಾರಿ.

ಕುಂಡದ ಗಿಡವನ್ನು ಮೊದಲ ಇಬ್ಬನಿ ಹೆಪ್ಪುಗಟ್ಟುವವರೆಗೂ ಹೊರಗೆ ಬಿಡಬಾರದು. ರಾತ್ರಿಯ ಉಷ್ಣತೆ 50 ಡಿಗ್ರಿ ಫ್ಯಾರನ್‌ಹೀಟಿನ ಆಸುಪಾಸಿಗೆ ಇಳಿದಾಗಲೇ ಒಳಗೆ ತರಬೇಕು. ತರುವ ಮುನ್ನ ಎಲೆಯ ಅಡಿಭಾಗವನ್ನು ಬೆಳಕಿಗೆ ಹಿಡಿದು ನೋಡಿ; ದಂಟಿಗೆ ಅಂಟಿದ ಕಂದು ಬಣ್ಣದ ಸಣ್ಣ ಬೊಬ್ಬೆಗಳು, ಕೆಳಗಿನ ಎಲೆಗಳ ಮೇಲೆ ಅಂಟಂಟಾದ ಹೊಳಪು ಕಂಡರೆ ಅದು ಶಲ್ಕ ಕೀಟ. ಸಾಬೂನು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ ತೆಗೆಯದೆ ಒಳಗಿಟ್ಟರೆ ಮನೆಯ ಬೆಚ್ಚಗೆಯಲ್ಲಿ ಅದೇ ಮೊದಲು ಹೆಚ್ಚುತ್ತದೆ. ದಕ್ಷಿಣದ ಕಿಟಕಿ ಒಳ್ಳೆಯದು. ಎಲೆ ಹಳದಿಯಾಗಿ ಉದುರಿದರೆ ಗಾಬರಿಯಿಂದ ನೀರು ಸುರಿಯುವವರೇ ಹೆಚ್ಚು, ಗಿಡ ಸಾಯುವುದು ಆ ನೀರಿನಿಂದ. ಚಳಿಗಾಲದಲ್ಲಿ ಅದು ನಿದ್ರಿಸಲಿ, ಮೇಲ್ಮಣ್ಣು ಬೆರಳ ಒಂದು ಗೆಣ್ಣಿನಷ್ಟು ಒಣಗಿದ ಮೇಲೆ ಮಾತ್ರ ನೀರು ಕೊಡಿ.

ಬಹುತೇಕ ಎಲ್ಲ ಕೌಂಟಿಗಳಿಗೂ ರಾಜ್ಯದ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ಕಚೇರಿಯೊಂದು ಇರುತ್ತದೆ. 1914ರ ಕಾಯಿದೆಯಿಂದ ಹುಟ್ಟಿದ ಈ ವ್ಯವಸ್ಥೆಯನ್ನು ನಮ್ಮವರು ಬಳಸುವುದು ತೀರ ಕಡಿಮೆ. ರೋಗದ ಎಲೆಯನ್ನು ಮುಚ್ಚಿದ ಚೀಲದಲ್ಲಿ ಹಾಕಿ ಒಯ್ದರೆ ಅಲ್ಲಿನ ತರಬೇತಾದ ಸ್ವಯಂಸೇವಕರು ನೋಡಿ ಹೇಳುತ್ತಾರೆ.

ಪ್ರಶ್ನೆ: ಉದುರಿದ ಎಲೆಗಳನ್ನು ರಸ್ತೆ ಬದಿಯ ಮೋರಿಗೆ ಗುಡಿಸಿಬಿಟ್ಟರೆ ತಪ್ಪೇ?
— ಮೇರಿಲ್ಯಾಂಡ್‌ನ ಓದುಗರು

ಉತ್ತರ: ತಪ್ಪು. ಆ ಬಾಯಿಗೆ ಬಿದ್ದದ್ದು ಸಾಮಾನ್ಯವಾಗಿ ಶುದ್ಧೀಕರಣ ಘಟಕಕ್ಕೆ ಹೋಗದೆ ನೇರವಾಗಿ ಹಳ್ಳ ಸೇರುತ್ತದೆ. ಮೋರಿ ಕಟ್ಟಿಕೊಂಡರೆ ಮುಂದಿನ ಮಳೆಗೆ ನೀರು ನುಗ್ಗುವುದು ನಿಮ್ಮದೇ ಬೀದಿಗೆ. ಕೌಂಟಿಯ ಎಲೆ ಸಂಗ್ರಹದ ವೇಳಾಪಟ್ಟಿ ನೋಡಿ, ಕಾಗದದ ಚೀಲವೋ ಬರೀ ರಾಶಿಯೋ ಎಂಬುದನ್ನು ಖಚಿತಪಡಿಸಿಕೊಂಡು ಇಡಿ.

ಪ್ರಶ್ನೆ: ಹಿತ್ತಿಲಿನಲ್ಲಿ ಎರಡಡಿ ಗುಂಡಿ ತೋಡಿ ಒಂದು ಮರ ನೆಡುವುದಕ್ಕೂ ಫೋನ್ ಮಾಡಿ ತಿಳಿಸಬೇಕು ಎಂದು ನೆರೆಯವರು ಹೇಳುತ್ತಾರೆ. ನನ್ನ ಜಾಗಕ್ಕೆ ನಾನೇಕೆ ಕೇಳಬೇಕು?
— ಇಲಿನಾಯ್‌ನ ಓದುಗರು

ಉತ್ತರ: ನೆರೆಯವರ ಮಾತು ನಿಜ. ಜಾಗ ನಿಮ್ಮದಾದರೂ ಅದರ ಕೆಳಗೆ ಹಾದುಹೋಗುವ ಅನಿಲದ ಕೊಳವೆ ನಿಮ್ಮದಲ್ಲ. 2007ರಿಂದ ದೇಶಾದ್ಯಂತ ಇದಕ್ಕೆ 811 ಎಂಬ ಒಂದೇ ಸಂಖ್ಯೆ ಇದೆ, ಕರೆ ಉಚಿತ. ಕೆಲಸಕ್ಕೆ ಎರಡು ಮೂರು ಕೆಲಸದ ದಿನಗಳ ಮೊದಲು ತಿಳಿಸಿದರೆ ಆಯಾ ಸಂಸ್ಥೆಗಳವರು ಬಂದು ಹುಲ್ಲಿನ ಮೇಲೆ ಬಣ್ಣ ಎರಚಿ, ಪುಟ್ಟ ಬಾವುಟಗಳನ್ನು ನೆಟ್ಟು ಹೋಗುತ್ತಾರೆ. ಕೆಂಪು ವಿದ್ಯುತ್ತು, ಹಳದಿ ಅನಿಲ, ಕಿತ್ತಳೆ ಬಣ್ಣ ಫೋನು ಮತ್ತು ಕೇಬಲ್ಲು, ನೀಲಿ ಕುಡಿಯುವ ನೀರು, ಹಸಿರು ಚರಂಡಿ. ಬಣ್ಣ ಜಾಡನ್ನು ತೋರಿಸುತ್ತದೆ, ಆಳವನ್ನು ತೋರಿಸುವುದಿಲ್ಲ. ಗೆರೆಯ ಎರಡೂ ಬದಿಗೆ ಸುಮಾರು ಎರಡಡಿಯವರೆಗೆ ಯಂತ್ರ ಬಳಸದೆ ಕೈಯಲ್ಲೇ ಮೆಲ್ಲಗೆ ಅಗೆಯಬೇಕು. ಮೀಟರಿನಿಂದ ಈಚೆಗೆ ನೀವೇ ಹಾಕಿಸಿಕೊಂಡ ತಂತಿ, ಹುಲ್ಲಿಗೆ ನೀರು ಚಿಮ್ಮಿಸುವ ಕೊಳವೆ ಇವುಗಳನ್ನು ಅವರು ಗುರುತಿಸುವುದಿಲ್ಲ. ನೆಲ ಹೆಪ್ಪುಗಟ್ಟುವ ಮುನ್ನ ನೆಡಬೇಕೆಂದಿದ್ದರೆ ಈ ವಾರವೇ ಕರೆ ಮಾಡಿ.

ಪ್ರಶ್ನೆ: ಬೆಳಿಗ್ಗೆ ಎದ್ದು ಒಂದು ಗಂಟೆ ಹಿಮ ತೆಗೆದು ಒಳಗೆ ಬಂದು ಕಾಫಿ ಕುಡಿಯುವಷ್ಟರಲ್ಲಿ, ಹಿಮ ತಳ್ಳುವ ಲಾರಿ ಬಂದು, ರಸ್ತೆಯಿಂದ ಮನೆಗೆ ಕಾರು ಬರುವ ದಾರಿಯಾದ ಡ್ರೈವ್‌ವೇಯ ಬಾಯಿಗೆ ಮತ್ತೆ ದಿಬ್ಬ ಕಟ್ಟಿ ಹೋಗುತ್ತದೆ. ಕೌಂಟಿಗೆ ದೂರು ಕೊಡಬಹುದೇ?
— ಮಿನೆಸೋಟದ ಓದುಗರು

ಉತ್ತರ: ದೂರಿನಿಂದ ಪ್ರಯೋಜನವಿಲ್ಲ, ಯುಕ್ತಿಯಿಂದ ಇದೆ. ಲಾರಿಯ ಅಲಗು ಹಿಮವನ್ನು ತನ್ನ ಬಲಕ್ಕೆ ದೂಡುತ್ತಾ ಬರುತ್ತದೆ. ಎಲ್ಲಿ ಬಿಡುವು ಸಿಗುತ್ತದೆಯೋ ಅಲ್ಲಿ ಆ ಹೊರೆ ಕಳಚಿ ಬೀಳುತ್ತದೆ. ನಿಮ್ಮ ಡ್ರೈವ್‌ವೇಯಲ್ಲಿ ರಸ್ತೆಗೆ ಮುಖ ಮಾಡಿ ನಿಂತರೆ ಲಾರಿ ಎಡದಿಂದ ಬಲಕ್ಕೆ ಹೋಗುತ್ತದೆ. ಆದ್ದರಿಂದ ತೆಗೆದ ಹಿಮವನ್ನೆಲ್ಲ ಬಲಬದಿಗೆ ಹಾಕಿ, ಎಡಬದಿಯಲ್ಲಿ ರಸ್ತೆಯ ಅಂಚಿಗೆ ಹೊಂದಿಕೊಂಡಂತೆ ಏಳೆಂಟು ಅಡಿ ಉದ್ದದ ಖಾಲಿ ಜಾಗವೊಂದನ್ನು ತೋಡಿಡಿ. ಲಾರಿ ತನ್ನ ಹೊರೆಯ ಬಹುಪಾಲನ್ನು ಆ ಜೇಬಿಗೆ ಇಳಿಸಿ, ಬಾಗಿಲ ಮುಂದೆ ಹಗುರಾಗಿ ದಾಟುತ್ತದೆ. ಒಮ್ಮೆ ಮಾಡಿ ನೋಡಿದವರು ಮತ್ತೆ ಬಿಡುವುದಿಲ್ಲ. ತೆಗೆದ ಹಿಮವನ್ನು ಮರಳಿ ರಸ್ತೆಗೆ ಎಸೆಯುವುದು ಮಾತ್ರ ಕಾನೂನಿಗೆ ವಿರುದ್ಧ.

ಉಪ್ಪಿನ ವಿಷಯದಲ್ಲಿ ಕೈ ಬಿಗಿಯಿರಲಿ. ಮೊದಲು ಸಲಿಕೆ, ಆಮೇಲೆ ಉಪ್ಪು. ಇಪ್ಪತ್ತಡಿಯ ಡ್ರೈವ್‌ವೇಗೆ ಒಂದು ದೊಡ್ಡ ಕಾಫಿ ಮಗ್ಗಿನಷ್ಟು ಸಾಕು. 15 ಡಿಗ್ರಿ ಫ್ಯಾರನ್‌ಹೀಟಿಗಿಂತ ಕೆಳಗೆ ಸಾಮಾನ್ಯ ಕಲ್ಲುಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ, ಆಗ ಎಷ್ಟು ಸುರಿದರೂ ಅದು ವಸಂತದಲ್ಲಿ ಕೆರೆಗೆ ಹೋಗುವ ಉಪ್ಪು. ಮನೆಯ ಮುಂದೆ ಬೆಂಕಿ ಆರಿಸುವ ನೀರಿನ ಕಂಬವಿದ್ದರೆ ಅದರ ಸುತ್ತ ಮೂರಡಿ ತೆರವು ಮಾಡಿ. ಮನೆಯನ್ನು ಬೆಚ್ಚಗಿಡುವ ಫರ್ನೇಸ್‌ನಿಂದ ಗೋಡೆಯಾಚೆ ಬರುವ ಕೊಳವೆಯ ಬಾಯನ್ನು ಹಿಮ ಮುಚ್ಚದಂತೆ ನೋಡಿಕೊಳ್ಳಿ. ಮುಚ್ಚಿದರೆ ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಮನೆಯೊಳಗೆ ತುಂಬಿಕೊಳ್ಳುತ್ತದೆ.

ಪ್ರಶ್ನೆ: ನಾನು ಗ್ರೀನ್ ಕಾರ್ಡ್ ಹೊಂದಿರುವವಳು. ಜ್ಯೂರಿ ಕೆಲಸಕ್ಕೆ ಹಾಜರಾಗುವಂತೆ ಕೌಂಟಿ ನ್ಯಾಯಾಲಯದಿಂದ ಆದೇಶ ಬಂದಿದೆ. ತಪ್ಪಾಗಿ ಬಂದದ್ದೆಂದು ಎಸೆಯಬಹುದೇ?
— ವಾಷಿಂಗ್ಟನ್ ರಾಜ್ಯದ ಓದುಗರು

ಉತ್ತರ: ಎಸೆಯಬೇಡಿ. ಚಾಲನಾ ಪರವಾನಗಿಯ ಪಟ್ಟಿಯಿಂದಲೂ ಹೆಸರುಗಳನ್ನು ಆರಿಸುವುದರಿಂದ ನಾಗರಿಕರಲ್ಲದವರಿಗೂ ಈ ಪತ್ರ ಬರುತ್ತದೆ. ಅದರಲ್ಲಿಯೇ ‘ನಾನು ಅಮೆರಿಕದ ನಾಗರಿಕಳಲ್ಲ’ ಎಂಬುದಕ್ಕೆ ಗುರುತು ಹಾಕುವ ಚೌಕವಿರುತ್ತದೆ. ಗುರುತು ಹಾಕಿ, ಸಹಿ ಮಾಡಿ, ಗಡುವಿನೊಳಗೆ ಮರಳಿಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಇದಕ್ಕಿಂತ ದೊಡ್ಡ ಎಚ್ಚರ ಮತ್ತೊಂದಿದೆ. ಪರವಾನಗಿ ಕಚೇರಿಯಲ್ಲಿಯೇ ಮತದಾರರ ನೋಂದಣಿಯನ್ನೂ ಕೇಳುವ ವ್ಯವಸ್ಥೆ 1993ರ ಕಾಯಿದೆಯಿಂದ ಬಂದಿದೆ. ಕೌಂಟರಿನವರು ವಾಡಿಕೆಯಂತೆ ಕೇಳಿದರೆಂದು ‘ಆಗಲಿ’ ಎನ್ನಬಾರದು. ನಾಗರಿಕರಲ್ಲದವರು ಕೇಂದ್ರದ ಚುನಾವಣೆಯಲ್ಲಿ ಮತ ಹಾಕುವುದು ಅಪರಾಧ, ಮುಂದೆ ಪೌರತ್ವದ ಅರ್ಜಿಗೂ ಅದು ಕುತ್ತು ತರುತ್ತದೆ. ಗೊತ್ತಿಲ್ಲದೆ ಈಗಾಗಲೇ ನೋಂದಣಿಯಾಗಿದ್ದರೆ ಬೇರೇನು ಮಾಡುವ ಮುನ್ನ ವಲಸೆ ವಕೀಲರನ್ನು ಕಾಣಿ.

ಪ್ರಶ್ನೆ: ಊರಿನಿಂದ ಬಂದಿರುವ ಅಪ್ಪ, ಅಮ್ಮ ಹಗಲೆಲ್ಲ ಮನೆಯಲ್ಲಿ ಇಬ್ಬರೇ ಇರುತ್ತಾರೆ. ಮೊನ್ನೆ ಊರಿಗೆ ಕರೆ ಮಾಡಲು ಹೋಗಿ ಅಪ್ಪ ತುರ್ತು ಸಂಖ್ಯೆಯಾದ 911 ಒತ್ತಿಬಿಟ್ಟು, ಹೆದರಿ ಫೋನ್ ಇಟ್ಟರು. ಸ್ವಲ್ಪ ಹೊತ್ತಿನಲ್ಲಿ ಪೊಲೀಸರು ಬಾಗಿಲಿಗೆ ಬಂದರು. ಅಂದಿನಿಂದ ಅಪ್ಪ ಫೋನ್ ಮುಟ್ಟುತ್ತಿಲ್ಲ.
— ನ್ಯೂಜೆರ್ಸಿಯ ಓದುಗರು

ಉತ್ತರ: ನಮ್ಮ ದೇಶದ ಸಂಖ್ಯೆ 91 ಆಗಿರುವುದರಿಂದ ಬೆರಳು ಇನ್ನೊಂದು 1 ಒತ್ತುವುದು ಬಹಳ ಸಹಜ, ಇದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ ಎಂದು ಅವರಿಗೆ ಹೇಳಿ. ತಪ್ಪಾದದ್ದು ಒತ್ತಿದ್ದರಲ್ಲಿ ಅಲ್ಲ, ಇಟ್ಟದ್ದರಲ್ಲಿ. ಮಾತಿಲ್ಲದೆ ಕಡಿದುಹೋದ ಕರೆಯನ್ನು ಅಪಾಯದ ಕರೆಯೆಂದೇ ಎಣಿಸಿ ಅವರು ಯಾರನ್ನಾದರೂ ಕಳುಹಿಸುತ್ತಾರೆ. ಲೈನಿನಲ್ಲಿಯೇ ಇದ್ದು ‘ಮಿಸ್ಟೇಕ್, ನೋ ಎಮರ್ಜೆನ್ಸಿ’ ಎಂದರೆ ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಮಕ್ಕಳ ಸಂಖ್ಯೆ, ಊರಿನ ಸಂಖ್ಯೆಗಳನ್ನು ಒಂದೇ ಒತ್ತಿಗೆ ಸಿಗುವಂತೆ ಫೋನಿನಲ್ಲಿ ಉಳಿಸಿಕೊಡಿ. ಅವರ ಹಗಲುಗಳಿಗೆ ಕೌಂಟಿಯ ಗ್ರಂಥಾಲಯ, ಹಿರಿಯರ ಕೇಂದ್ರಗಳಿವೆ. ಗ್ರಂಥಾಲಯದಲ್ಲಿ ಕುಳಿತು ಓದಲು ಕಾರ್ಡಿನ ಅಗತ್ಯವಿಲ್ಲ, ಹಲವೆಡೆ ಇಂಗ್ಲಿಷ್ ಮಾತಿನ ಉಚಿತ ತರಗತಿಗಳೂ ನಡೆಯುತ್ತವೆ.

ಹವಾಮಾನದ ಎರಡು ಪದಗಳನ್ನು ಮಾತ್ರ ಅವರಿಗೆ ಬಿಡಿಸಿ ಹೇಳಬೇಕು. ‘ವಾಚ್’ ಎಂದರೆ ಅಂಥ ಬಿರುಗಾಳಿಯೋ ಹಿಮವೋ ಬರಬಹುದಾದ ಸ್ಥಿತಿಯಿದೆ ಎಂದು. ‘ವಾರ್ನಿಂಗ್’ ಎಂದರೆ ಬಂದೇಬಿಟ್ಟಿದೆ ಅಥವಾ ಬರುವುದು ಖಚಿತ ಎಂದು. ಒಂದು ದಪ್ಪ ಕಾಗದದ ಮೇಲೆ ಮನೆಯ ಸಂಖ್ಯೆ, ಬೀದಿ, ಹತ್ತಿರದ ಅಡ್ಡರಸ್ತೆಯ ಹೆಸರು, ಇಬ್ಬರೂ ತೆಗೆದುಕೊಳ್ಳುವ ಮಾತ್ರೆಗಳ ಹೆಸರು, ಇಷ್ಟನ್ನು ಇಂಗ್ಲಿಷಿನಲ್ಲಿಯೂ ಅದರ ಕೆಳಗೆ ಉಚ್ಚಾರಣೆಯನ್ನು ಕನ್ನಡದಲ್ಲಿಯೂ ದೊಡ್ಡ ಅಕ್ಷರಗಳಲ್ಲಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಅಪ್ಪನವರಿಂದ ಒಮ್ಮೆ ಗಟ್ಟಿಯಾಗಿ ಓದಿಸಿ.